ಮೊದಲು ದಿಕ್ಕು, ಆಮೇಲೆ ಕಾಲು

ಕೊಪ್ಪ
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಮಗ ಮಜೀದನಿಗೆ, ತಲೆ ಸವರಿ ಅಮ್ಮನ ಸಲಾಂ ಮತ್ತು ದುವಾ.

ಹೇಗಿದ್ದೀಯ? ಬೆಳಗಾವಿಯ ಚಳಿಗೆ ಹಿಡಿದ ಕೆಮ್ಮು ಇಳಿಯಿತೋ ಇಲ್ಲವೋ? ಹಾಸ್ಟೆಲಿನ ಐನೂರು ಹುಡುಗರಿಗೆ ಬೇಯಿಸಿ ಹಾಕುವವನು ತಾನು ಮಾತ್ರ ಮಧ್ಯಾಹ್ನದವರೆಗೆ ಬರೀ ಚಹಾದಲ್ಲಿ ಇರುತ್ತಾನೆ ಎಂದು ನಿನ್ನ ಹೆಂಡತಿ ಇಶ್ರತ್ ದೂರು ಹೇಳಿದಳು. ಹಾಗೆ ಮಾಡಬೇಡ, ನಿನಗೀಗ ನಲವತ್ತೆಂಟು. ಅವಳು ತಂಗಿಯ ಬಾಣಂತನಕ್ಕೆಂದು ಎನ್.ಆರ್.ಪುರಕ್ಕೆ ಹೋಗಿ ಹನ್ನೆರಡು ದಿನವಾಯಿತು. ಗಂಡು ಮಗು, ಮೂಗು ಮಾತ್ರ ಅದರ ಅಪ್ಪನ ಕಡೆಯದು, ಏನು ಮಾಡಲಿಕ್ಕೆ ಬರುತ್ತದೆ. ಮನೆಯಲ್ಲಿ ನಾನು ಮತ್ತು ನಿನ್ನ ಮಗಳು ರುಹಿ ಇಬ್ಬರೇ. ನನ್ನ ಮಂಡಿ ಹಾಗೆಯೇ ಇದೆ. ಶೃಂಗೇರಿಯ ಡಾಕ್ಟರು ಕೊಟ್ಟ ಮುಲಾಮು ಹಚ್ಚಿದರೆ ಮನೆಯೆಲ್ಲ ಘಾಟು ತುಂಬುತ್ತದೆ, ನೋವು ಮಾತ್ರ ಕೂತ ಜಾಗ ಬಿಟ್ಟು ಏಳುವುದಿಲ್ಲ.

ಫೋನು ಇರುವಾಗ ಅಮ್ಮ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ನೀನು ನಾಲ್ಕು ಆಡುತ್ತೀಯ. ಅದೂ ಅಲ್ಲದೆ ನನ್ನ ಕಿವಿಗೆ ಸ್ಪೀಕರ್ ಹಾಕಬೇಕು, ಹಾಕಿದರೆ ಪಕ್ಕದ ಮನೆಯ ಕಮಲ ಒಗೆಯುವುದನ್ನು ನಿಲ್ಲಿಸಿ ಕೇಳುತ್ತಾಳೆ. ಕಾಗದಕ್ಕೆ ಅಡ್ಡ ಬಾಯಿ ಹಾಕಲಿಕ್ಕೆ ಆಗುವುದಿಲ್ಲ. ಬಸರೀಕಟ್ಟೆ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಈಗಲಾದರೂ ಉಪಯೋಗಕ್ಕೆ ಬರಲಿ.

ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ರುಹಿ ಗಾಲ್ಫ್ ಪರೀಕ್ಷೆಯಲ್ಲಿ ಪಾಸಾದಳು. ಅಲ್‌ಹಮ್ದುಲಿಲ್ಲಾ. ಹದಿನೆಂಟು ಗುಂಡಿಯನ್ನು ಎಂಬತ್ತೆರಡು ಏಟಿನ ಒಳಗೆ ಮುಗಿಸಬೇಕಿತ್ತು, ಸರಿಯಾಗಿ ಎಂಬತ್ತೆರಡಕ್ಕೆ ಮುಗಿಸಿದಳು. ಬಸರೀಕಟ್ಟೆಯ ಎಸ್ಟೇಟಿನ ಗಾಲ್ಫ್ ಮೈದಾನದಲ್ಲಿ ಕೋಲು ಎತ್ತಿಕೊಡುವ ಕೆಲಸ ಇನ್ನಿಲ್ಲ, ಬಂದವರಿಗೆ ಕಲಿಸುವ ಕೆಲಸ ಅವಳದೇ. ಮೂರನೇ ಸಲವೂ ಫೇಲಾದರೆ ಅದನ್ನು ಬಿಟ್ಟು ಕೊಪ್ಪದಲ್ಲಿ ಕಂಪ್ಯೂಟರ್ ಕಲಿಯಬೇಕು ಎಂದು ನೀನು ಹಾಕಿದ ಷರತ್ತು ನನಗೆ ನೆನಪಿದೆ. ಆ ದಿನ ಫೋನಿನಲ್ಲಿ "ನಿನ್ನ ಕೈಲಿ ಆಗೋ ಕೆಲಸ ಅಲ್ಲ ಅದು, ದೊಡ್ಡವರ ಮಕ್ಕಳ ಆಟ" ಎಂದೆಯಲ್ಲ, ಅದೂ ನೆನಪಿದೆ. ಸ್ಪೀಕರ್ ಹಾಕಿತ್ತು. ಅವತ್ತಿನಿಂದ ಅವಳು ನಿನ್ನ ಹತ್ತಿರ ಮಾತಾಡಿಲ್ಲ, ನೀನೂ ಆಡಿಲ್ಲ. ಇಬ್ಬರದೂ ಒಂದೇ ಹಟ, ನಿನ್ನ ಅಬ್ಬಾರದ್ದು.

ಎರಡು ಸಲ ಯಾಕೆ ಫೇಲಾದಳು ಎಂದು ಕೇಳು. ಅಲ್ಲಿ ಕಲಿಯುವವರಿಗೆ ಒಂದು ಹಸಿರು ರಬ್ಬರಿನ ಚಾಪೆ ಹಾಕಿದ್ದಾರೆ. ಅದರ ಮೇಲೆ ನಿಂತು ಹೊಡೆದರೆ ಇವಳ ಚೆಂಡು ದಾರ ಕಟ್ಟಿ ಎಳೆದ ಹಾಗೆ ಹೋಗುತ್ತದೆ. ಮೈದಾನಕ್ಕೆ ಇಳಿದರೆ ಒಂದು ಗುಂಡಿಯ ಹತ್ತಿರ ಬಲಕ್ಕೆ ಕಾಫಿ ಗಿಡದೊಳಗೆ, ಇನ್ನೊಂದರ ಹತ್ತಿರ ಎಡಕ್ಕೆ ಕೆರೆಗೆ. ಕಲಿಸುವ ಕಾಂತೇಶ್ ಒಳ್ಳೆಯ ಮನುಷ್ಯ. ಆದರೆ ದಿನಕ್ಕೊಂದು ತಪ್ಪು ಹುಡುಕುತ್ತಾನೆ, ಇವತ್ತು ಮಣಿಕಟ್ಟು, ನಾಳೆ ಹೆಗಲು, ನಾಡಿದ್ದು ಮನಸ್ಸು ಸರಿ ಇಲ್ಲ. ಹುಡುಗಿ ಬಡವಾಗುತ್ತಾ ಬಂದಳು. ಅನ್ನ ಕಲಸಿಕೊಂಡು ಕೂತುಬಿಡುತ್ತಿದ್ದಳು.

ಜನವರಿಯಲ್ಲಿ ಒಂದು ದಿನ ಬುತ್ತಿ ಮರೆತು ಹೋದಳು. ಜೀಪು ಹತ್ತಿ ನಾನೇ ತೆಗೆದುಕೊಂಡು ಹೋದೆ. ಅವಳ ಹಿಂದೆ ಒಂದು ಕಲ್ಲುಬೆಂಚು, ಅದರ ಮೇಲೆ ಕೂತು ನೋಡಿದೆ. ಹೊಡೆಯುವ ಜಾಗದಲ್ಲಿ ಹುಲ್ಲನ್ನು ಚೌಕವಾಗಿ ಕತ್ತರಿಸಿರುತ್ತಾರೆ. ಇವಳು ಸೀದಾ ಬಂದು, ಆ ಚೌಕದ ಅಂಚಿಗೆ ಸರಿಯಾಗಿ ಎರಡೂ ಹಿಮ್ಮಡಿ ಇಟ್ಟು ನಿಂತಳು. ಚೌಕದ ಮುಖ ಇರುವುದು ಹಲಸಿನ ಮರದ ಕಡೆ, ಗುಂಡಿಯ ಬಾವುಟ ಇರುವುದು ಇನ್ನೊಂದು ಕಡೆ. ನನಗೆ ಥಟ್ಟನೆ ಹೊಳೆಯಿತು ಮಗನೇ. ಇದು ನಮ್ಮ ಮನೆಯ ಗೋಡೆಯ ಕತೆಯೇ ಅಲ್ಲವೇ!

ನಿನಗೆ ನೆನಪಿರಬೇಕು. ಬಸ್‌ಸ್ಟ್ಯಾಂಡಿನ ಹಿಂದಿನ ಈ ಮನೆಗೆ ಬಂದಾಗ ನಿನ್ನ ಅಬ್ಬಾ ನಮಾಜಿನ ಚಾಪೆಯನ್ನು ಗೋಡೆಗೆ ಸರಿಯಾಗಿ ಹಾಸಿದರು. ಅಂಚಿಗೆ ಹಿಮ್ಮಡಿ ಇಟ್ಟು ಹನ್ನೊಂದು ವರ್ಷ ನಿಂತೆವು. ಆಮೇಲೆ ಊಟಕ್ಕೆ ಬಂದ ಮಸೀದಿಯ ಹಜರತ್ ನೋಡಿ, ಕಾಬಾದ ಕಡೆ ನಿಲ್ಲಲು ಪಡುವಣದಿಂದ ತುಸು ಬಡಗಣಕ್ಕೆ ತಿರುಗಬೇಕಲ್ಲ, ಇದೆಂತ ಎಂದು ಕೇಳಿದರು. ಅಬ್ಬಾರ ಮುಖ ನೋಡಬೇಕಿತ್ತು. ತಿಳಿಯದೆ ಮಾಡಿದ್ದು ಅಲ್ಲಾಹನಿಗೆ ಒಪ್ಪಿಗೆ, ಕಬೂಲಾಗುತ್ತದೆ ಎಂದು ಹಜರತ್ ಸಮಾಧಾನ ಹೇಳಿದ ಮೇಲೂ ಅಬ್ಬಾ ಎರಡು ದಿನ ಊಟ ಮಾಡಲಿಲ್ಲ. ಕಡೆಗೆ ನೆಲದ ಮೇಲೆ ಓರೆಯಾಗಿ ಬಣ್ಣದ ಗೆರೆ ಎಳೆದರು. ಅದು ಈಗಲೂ ಇದೆ. ಗೋಡೆ ಕಟ್ಟಿದವನಿಗೆ ಅವನ ಜಾಗದ ಅಳತೆ, ನಮಗೆ ನಮ್ಮ ದಿಕ್ಕು.

ನಾನು ಬೆಂಚಿನಿಂದಲೇ ಕೂಗಿದೆ, "ಗೋಡೆ ಕೇಳಿ ಯಾಕೆ ನಿಲ್ತೀಯೆ ಮಾರಾಯ್ತಿ? ಮೊದಲು ದಿಕ್ಕು ನೋಡು, ಆಮೇಲೆ ಕಾಲು ಇಡು!" ಕಾಂತೇಶ್ ನಕ್ಕ. ಹತ್ತಿರ ಬಂದು ಅವಳ ಕಾಲಿನ ಮುಂದೆ ಒಂದು ಕೋಲು ಅಡ್ಡ ಇಟ್ಟು, ಹಿಂದೆ ಹೋಗಿ ನೋಡಿದ ಮೇಲೆ ನಗಲಿಲ್ಲ. "ಅಜ್ಜಿ, ಇದನ್ನೇ ನಾನು ಹತ್ತು ಸಲ ಹೇಳಿದ್ದೆ" ಎಂದ. ಹೇಳಿರಬಹುದು, ಆದರೆ ಇಂಗ್ಲಿಷಿನಲ್ಲಿ ಹೇಳಿದ್ದಾನೆ, ಹೇಳಿ ತಾನೂ ಮರೆತಿದ್ದಾನೆ.

ಅವನೇ ಆಮೇಲೆ ಕ್ರಮ ಹಾಕಿಕೊಟ್ಟ. ಚೆಂಡಿನ ಹಿಂದೆ ನಿಂತು ಬಾವುಟ ನೋಡುವುದು. ಅದೇ ಗೆರೆಯಲ್ಲಿ ಚೆಂಡಿನಿಂದ ಒಂದು ಮೊಳ ಮುಂದೆ ಯಾವುದಾದರೂ ಎಲೆಯನ್ನೋ ಕಡ್ಡಿಯನ್ನೋ ಗುರುತು ಮಾಡುವುದು. ಕೋಲಿನ ಮುಖ ಆ ಎಲೆಗೆ ಇಡುವುದು. ಎಲ್ಲ ಆದ ಮೇಲೆ ಕಾಲು. ಮತ್ತೆ ಒಂದೇ ಸಲ ತಲೆ ಎತ್ತಿ ನೋಡಿ ಹೊಡೆಯುವುದು. ದೂರದ ಬಾವುಟಕ್ಕೆ ಹಟ ಹಿಡಿಯುವುದಕ್ಕಿಂತ ಕಾಲಬುಡದ ಎಲೆ ಸುಲಭ. ನಾನು ಅದನ್ನು "ನೋಟ, ಎಲೆ, ಕೋಲು, ಕಾಲು" ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದೆ. ತಿಂಗಳು ಪೂರ್ತಿ ಬೆಳಿಗ್ಗೆ ಹಿತ್ತಲಿನಲ್ಲಿ ನಿನ್ನ ಹಳೆಯ ಕಾಲುಚೀಲ ಉಂಡೆ ಕಟ್ಟಿ ಹೊಡೆಸಿದೆ. ಕಮಲ ಬೇಲಿಯ ಮೇಲಿಂದ "ಎಂತ ಅಮೀರಮ್ಮ, ಮೊಮ್ಮಗಳಿಗೆ ಕಸ ಗುಡಿಸೋದು ಕಲಿಸ್ತಾ ಇದ್ದೀರಾ?" ಎಂದಳು. "ಹೌದು, ಕಲಿತ ಮೇಲೆ ನಿಮ್ಮ ಅಂಗಳಕ್ಕೂ ಕಳಿಸ್ತೇನೆ" ಎಂದೆ.

ಕಳೆದ ಭಾನುವಾರ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷೆಯವರು ನನಗೆ ಬಾಯಿ ತೆರೆಯಬಾರದು ಎಂದು ಮೊದಲೇ ಹೇಳಿದರು, ಯಾರೋ ಚಾಡಿ ಹೇಳಿರಬೇಕು. ಮೂರನೇ ಗುಂಡಿಯಲ್ಲಿ ಅವಸರ ಮಾಡಿ ಕಾಲು ಮೊದಲು ಇಟ್ಟಳು, ಚೆಂಡು ಕಾಫಿ ಗಿಡಕ್ಕೆ. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಆಮೇಲೆ ಒಂದು ಕಡೆಯೂ ಮರೆಯಲಿಲ್ಲ. ಕಡೆಯ ಗುಂಡಿಗೆ ನಾಲ್ಕೇ ಏಟು ಉಳಿದಿತ್ತು. ಕೋಲು ಎತ್ತುವ ಹೊತ್ತಿಗೆ ಯಾರದೋ ಫೋನು ಕೂಗಿತು. ಹೊಡೆದೇಬಿಡುತ್ತಾಳೆ ಎಂದುಕೊಂಡೆ. ಇಲ್ಲ, ಕೋಲು ಇಳಿಸಿದಳು, ಹಿಂದಕ್ಕೆ ಹೋದಳು, ಮತ್ತೆ ಮೊದಲಿನಿಂದ ನೋಟ, ಎಲೆ, ಕೋಲು, ಕಾಲು. ನಾಲ್ಕನೇ ಏಟಿಗೆ ಚೆಂಡು ಗುಂಡಿಯೊಳಗೆ ಬಿದ್ದ ಸದ್ದು ಈ ಕಿವುಡಿಗೂ ಕೇಳಿಸಿತು. ನನ್ನ ಮಂಡಿ ನೋವು ಅರ್ಧ ಗಂಟೆ ಎಲ್ಲಿಗೋ ಹೋಗಿತ್ತು. ಅವತ್ತು ಹುಡುಗಿ ಎರಡು ಸಲ ಅನ್ನ ಹಾಕಿಸಿಕೊಂಡಳು.

ಕೆಮ್ಮಿಗೆ ಕಾಳುಮೆಣಸಿನ ಕಷಾಯ ಕುಡಿ. ಅಲ್ಲಾಹ್ ನಿನ್ನ ಕೈಗೆ ಬರಕತ್ ಕೊಡಲಿ, ನಾಲಿಗೆಯ ಖಾರ ಸ್ವಲ್ಪ ಕಡಿಮೆ ಮಾಡಲಿ.

ನಿನ್ನ ಅಮ್ಮ,
ಅಮೀರುನ್ನೀಸಾ

ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ, ಇದನ್ನು ಗಮನ ಇಟ್ಟು ಓದು. ಪರೀಕ್ಷೆಯ ಬೆಳಿಗ್ಗೆ ಜೀಪಿನಲ್ಲಿ ಅವಳು ಬುತ್ತಿಯ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತಿದ್ದಳು. ತಡೆಯಲಾರದೆ ನಾನೊಂದು ಸುಳ್ಳು ಹೇಳಿದೆ. "ನಿನ್ನ ಅಬ್ಬಾ ಫೋನ್ ಮಾಡಿದ್ದ, ಅವತ್ತು ಹಾಗೆ ಅಂದದ್ದು ತಪ್ಪಾಯ್ತು, ನನ್ನ ಮಗಳ ಕೈಲಿ ಆಗ್ತದೆ ಅಂದ" ಎಂದೆ. ಕೈ ನಿಂತಿತು. ಪಾಸಾದ ಪತ್ರ ಶನಿವಾರ ಅವಳ ಕೈಗೆ ಬರುತ್ತದೆ. "ಪತ್ರ ಹಿಡ್ಕೊಂಡೇ ಅಬ್ಬಾಗೆ ಫೋನ್ ಮಾಡ್ತೇನೆ ದಾದಿ" ಎಂದು ಈ ಅಜ್ಜಿಗೆ ಹೇಳಿದ್ದಾಳೆ. ಅದಕ್ಕೇ ಸ್ಪೀಡ್ ಪೋಸ್ಟು. ಅವಳು ಮಾಡುವುದರೊಳಗೆ ನೀನೇ ಮಾಡಿ ಆ ಮಾತು ನಿನ್ನ ಬಾಯಿಂದ ಹೇಳು. ನನ್ನ ಸುಳ್ಳಿನ ಪಾಪ ಇಳಿಯಲಿ. ಸ್ಪೀಕರ್ ಹಾಕುವುದಿಲ್ಲ, ನಾನು ಹಿತ್ತಲಿಗೆ ಹೋಗಿರುತ್ತೇನೆ.