ಎಂಟನೇ ಮನೆಯ ಮೆತ್ತೆಗೋಡೆ

ಬಂಡೆಕೇರಿ, ಮೂರನೇ ಸಾಲು
ಫೆಬ್ರವರಿ 30, 2294

ಮೂರನೇ ಸಾಲಿನ ಎಂಟನೇ ಮನೆಯ ಹಾಲ್‌ನಲ್ಲಿ, ಟಿ.ವಿ.ಯ ಬಲಕ್ಕಿರುವ ಗೋಡೆಯಿಂದ ಚಾವಣಿಯವರೆಗೆ ಬಿರುಕು ಕಾಣಿಸಿಕೊಂಡಿದೆ. ಹೆಬ್ಬೆರಳು ತೂರುವಷ್ಟು ಅಗಲವಿದೆ. ಇದನ್ನು ವರದಿ ಮಾಡಿದವರು ಬಂಡೆಯ ಸದ್ದಿಗೆ ಕಿವಿಗೊಡುವ ಹೊಣೆ ಹೊತ್ತ, ಸಾಲಿನ ಆಲಿಕೆದಾರರಾದ, ಒಂಬತ್ತನೇ ಮನೆಯ ಖೈರುನ್ನಿಸಾ. ಬಿರುಕು ಯಾವಾಗ ಶುರುವಾಯಿತೆಂದು ಹೇಳಬಲ್ಲವರು ಯಾರೂ ಇಲ್ಲ. ಕಳೆದ ದೀಪಾವಳಿಯಿಂದ ಅದರ ಮೇಲೆ ಸದ್ದು ಹೀರುವ ಮೆತ್ತೆ ಇತ್ತು.

ಮೊದಲು ತಾರೀಖಿನ ಬಗ್ಗೆ. ನಿಮ್ಮ ಫೆಬ್ರವರಿಗೆ ಮೂವತ್ತನೇ ದಿನವಿರಲಿಲ್ಲ ಎಂಬುದು ನಮಗೆ ಗೊತ್ತು. ನೆಲದ ಕೆಳಗೆ ಇಳಿದ ಮೇಲೆ ನಾವು ಎಲ್ಲ ತಿಂಗಳಿಗೂ ಮೂವತ್ತು ದಿನ ಮಾಡಿಕೊಂಡೆವು. ಮಿಕ್ಕ ಐದು ದಿನಗಳನ್ನು ಮಳೆಗಾಲದಲ್ಲಿ ಎಲ್ಲರೂ ಒಟ್ಟಿಗೆ ಮೇಲಕ್ಕೆ ಹೋಗಿಬರುವ ರಜೆಗೆ ಇಟ್ಟುಕೊಂಡೆವು. ಇಂಥ ಅಪರಿಚಿತ ಮಾತುಗಳು ಮುಂದೆಯೂ ಬರುತ್ತವೆ, ಕ್ಷಮಿಸಿ. ಬಂದಲ್ಲೇ ಅರ್ಥ ಹೇಳುತ್ತೇನೆ. ನಾನು ಇಲ್ಲಿನ ದಿನಪತ್ರಿಕೆಯ ವರದಿಗಾರ. ಈ ಪತ್ರ ನಿಮಗೆ ಹೇಗೆ ತಲುಪುತ್ತದೆ ಎಂಬುದು ನನ್ನ ಕೆಲಸಕ್ಕೆ ಸೇರಿದ್ದಲ್ಲ. ಬರೆಯುತ್ತಿರುವುದು ನಿಮ್ಮ ಕಾಲದಲ್ಲಿ ಮನೆಯ ಹಾಲ್‌ಗೆ ಹೋಮ್ ಥಿಯೇಟರ್ ಆರಿಸಲು ಕೂತವರಿಗೆ. ನಮ್ಮ ಹಾಲ್ ಸರಿಯಿಲ್ಲ, ಸದ್ದು ಎಲ್ಲೆಲ್ಲೋ ಬಡಿದು ಬರುತ್ತದೆ, ಏನು ಕೊಂಡರೆ ಒಳ್ಳೆಯದು ಎಂದು ಕೇಳುತ್ತಿರುವವರಿಗೆ. ಎಂಟನೇ ಮನೆಯ ಜಗದೇವಿಯೂ ಇದನ್ನೇ ಕೇಳಿದ್ದಳು.

ಬಂಡೆಕೇರಿ ಇರುವುದು ಶಹಾಬಾದಿನ ಹಳೆಯ ಕಲ್ಲುಗಣಿಗಳ ಒಳಗೆ. ನಿಮ್ಮ ಮನೆಗಳ ನೆಲಕ್ಕೆ ಹಾಸಿದ ಬೂದು ಕಲ್ಲು ಎಲ್ಲಿಂದ ಹೋಯಿತೋ ಆ ಹೊಂಡಗಳ ಪಕ್ಕದ ಬಂಡೆಯನ್ನು ಅಡ್ಡಕ್ಕೆ ಕೊರೆದು ಸಾಲು ಸಾಲಾಗಿ ಮನೆ ಮಾಡಿಕೊಂಡಿದ್ದೇವೆ. ಫೆಬ್ರವರಿಯಿಂದ ಜೂನ್‌ವರೆಗೆ ಮೇಲಿನ ಬಿಸಿಲಿನಲ್ಲಿ ಮನುಷ್ಯರು ಬದುಕಲಾರರು. ಆ ತಿಂಗಳುಗಳಿಗೆ ಬಾಗಿಲುಗಾಲ ಎಂದು ಹೆಸರು. ಆಗ ಸುರಂಗದ ಹೊರಬಾಗಿಲು ಹಾಕಿರುತ್ತದೆ. ಒಳಗೆ ತಂಪಿದೆ, ಗಾಳಿಕೊಳವೆಗಳಿವೆ, ಅಂಗಡಿಗಳಿವೆ, ಶಾಲೆಯಿದೆ. ಜೋಳದ ಹಿಟ್ಟು ಮಳೆಗಾಲದಲ್ಲೇ ಇಳಿಸಿಕೊಂಡಿರುತ್ತೇವೆ. ಬೇಜಾರು ಕಳೆಯಲು ಮನೆಮನೆಯಲ್ಲೂ ಸಿನಿಮಾ ನೋಡುತ್ತೇವೆ, ಬಹುಪಾಲು ನಿಮ್ಮ ಕಾಲದವು. ಅವುಗಳಲ್ಲಿ ಕಿಟಕಿಗಳಿರುತ್ತವೆ.

ಈ ಊರಿನಲ್ಲಿ ದಿನವೂ ತಪ್ಪದ ಕೆಲಸ ಒಂದಿದೆ. ಅದಕ್ಕೆ ಆಲಿಕೆ ಎನ್ನುತ್ತೇವೆ. ಮಧ್ಯಾಹ್ನ ಊಟವಾದ ಮೇಲೆ, ಮೇಲಿನ ಬಿಸಿಲಿಗೆ ಬಂಡೆ ಹಿಗ್ಗುವ ಹೊತ್ತಿಗೆ, ಗಂಟೆ ಬಾರಿಸುತ್ತಾರೆ. ಎಲ್ಲರೂ ಯಂತ್ರಗಳನ್ನು ನಿಲ್ಲಿಸಿ, ಮಾತು ಬಿಟ್ಟು, ಗೋಡೆಗೆ ಕಿವಿಗೊಟ್ಟು ಕೂರುತ್ತಾರೆ. ಶಹಾಬಾದ್ ಕಲ್ಲು ರೊಟ್ಟಿ ಅಟ್ಟಿಯಂತೆ ಪದರ ಪದರ. ಪದರ ಬಿಡುವ ಮೊದಲು ಟಕ್ ಎನ್ನುತ್ತದೆ. ಅದು ಕೇಳಿಸಿದವರು ಕಬ್ಬಿಣದ ಸೌಟಿನಿಂದ ಪಕ್ಕದ ಮನೆಯ ಗೋಡೆಗೆ ಎರಡು ಪೆಟ್ಟು ಕೊಡಬೇಕು. ಪಕ್ಕದವರಿಗೂ ಕಲ್ಲಿನ ಸದ್ದು ಕೇಳಿಸಿದ್ದರೆ ಅವರು ಮರುಪೆಟ್ಟು ಕೊಡುತ್ತಾರೆ. ಎರಡು ಮನೆಗಳಲ್ಲಿ ಕೇಳಿಸಿತೆಂದರೆ ಪದರ ಉದ್ದಕ್ಕೂ ಬಿಟ್ಟಿದೆ ಎಂದರ್ಥ, ಸಾಲನ್ನೇ ಖಾಲಿ ಮಾಡಬೇಕು. ಮರುಪೆಟ್ಟು ಬರದಿದ್ದರೆ ಒಂದೇ ಮನೆಯ ಚೂರು ಎಂದು ತಿಳಿದು ಗಾರೆ ಮೆತ್ತಿ ಸುಮ್ಮನಾಗುತ್ತೇವೆ. ನೂರಾರು ವರ್ಷ ಈ ಪದ್ಧತಿ ನಮ್ಮನ್ನು ಉಳಿಸಿದೆ. ಪಕ್ಕದ ಮನೆಗೆ ಪೆಟ್ಟು ಕೇಳಿಸದೇ ಹೋಗಬಹುದು ಎಂಬುದನ್ನು ಅದನ್ನು ಮಾಡಿದವರು ಯೋಚಿಸಿರಲಿಲ್ಲ.

ಜಗದೇವಿ ಶಾಲೆಯಲ್ಲಿ ಭೂಗೋಳ ಕಲಿಸುತ್ತಾಳೆ. ಅವಳ ತಾಯಿ ಸುಗಲಮ್ಮನವರಿಗೆ ಎಪ್ಪತ್ತು ದಾಟಿದೆ, ಕಿವಿ ಮಂದವಾಗಿದೆ. ಸದ್ದು ಕೇಳಿಸುತ್ತದೆ, ಆದರೆ ಮಾತು ಬಿಡಿಸಿ ತಿಳಿಯುವುದಿಲ್ಲ. ಅವರ ಹಾಲ್ ಇಂಥವರಿಗೆ ತೀರಾ ಕೆಟ್ಟದ್ದು. ಉದ್ದುದ್ದ, ಕಿರಿದು, ಚಾವಣಿ ತಗ್ಗು, ನೆಲ ಗೋಡೆ ಎಲ್ಲ ನುಣುಪು ಕಲ್ಲು. ಒಂದು ಕಡೆ ಅಡುಗೆಮನೆಗೆ ತೆರೆದುಕೊಂಡಿದೆ. ಗಾಳಿಕೊಳವೆ ಅಡ್ಡ ಬಂದು ಟಿ.ವಿ.ಯನ್ನು ಮೂಲೆಗೆ ತಳ್ಳಿದ್ದಾರೆ, ಕೂರುವ ಮಂಚ ಹಿಂದಿನ ಗೋಡೆಗೆ ಒರಗಿದೆ. ಒಂದು ಮಾತಾಡಿದರೆ ಅದರ ಬಾಲ ಮುಂದಿನ ಮಾತಿನ ಮೇಲೆ ಬೀಳುತ್ತದೆ. ಮಗಳು ಊಟಕ್ಕೆ ಕರೆದರೂ ತಾಯಿ ಬಾಯಿ ನೋಡಿಯೇ ತಿಳಿಯಬೇಕಿತ್ತು.

ಜಗದೇವಿ ಮೊದಲು ಆಳೆತ್ತರದ ಎರಡು ಟವರ್ ಸ್ಪೀಕರ್‌ಗಳನ್ನು ಕೊಳ್ಳಲು ಹೊರಟಿದ್ದಳು. ಸ್ಪೀಕರ್ ಅಂಗಡಿಯ ತುಕಾರಾಮ ಮನೆಗೆ ಬಂದು, ಹಾಲ್‌ನ ನಡುವೆ ನಿಂತು ಒಮ್ಮೆ ಚಪ್ಪಾಳೆ ಹೊಡೆದು, ಬಂದ ಮಾರ್ದನಿ ಕೇಳಿ ನಕ್ಕ.

"ಅಕ್ಕಾ, ಇದು ಹಾಲ್ ಅಲ್ಲ, ಬಾವಿ. ಬಾವ್ಯಾಗ ದೊಡ್ಡ ಪೆಟ್ಟಿಗಿ ಇಟ್ರ ದೊಡ್ಡ ಗದ್ದಲ ಆಗ್ತದ, ಮಾತು ತಿಳೀತದೇನು?"

"ಸೌಂಡ್‌ಬಾರ್ ಹಾಕಿದ್ರ?"

"ಅದು ಗ್ವಾಡಿಗಿ ಸದ್ದು ಬಡಿದು ವಾಪಸ್ ತರ್ತದ. ನಿಮ್ ಗ್ವಾಡಿ ಮೊದ್ಲೇ ಬಾಯಿ ಮುಚ್ಚಂಗಿಲ್ಲ, ಅದಕ್ಕ ಇನ್ನಷ್ಟು ಕೆಲಸ ಕೊಡ್ತೀರಿ? ಅದರ ದುಡ್ಡಿನ್ಯಾಗ ಗ್ವಾಡಿ ಬಾಯಿ ಮುಚ್ಚಸ್ರಿ."

ಅವನು ಹೇಳಿದ್ದು ನಿಮ್ಮ ಕಾಲದಿಂದಲೇ ಬಂದ ಬುದ್ಧಿವಾದ, ಅದರಲ್ಲಿ ತಪ್ಪಿಲ್ಲ. ಮಾತು ಬರುವುದು ನಡುವಿನ ಸ್ಪೀಕರ್‌ನಿಂದ, ಅದು ಒಳ್ಳೆಯದಿರಲಿ, ಕೂತವರ ಕಿವಿಯ ಮಟ್ಟಕ್ಕಿರಲಿ. ಎಡಬಲಕ್ಕೆ ಸಣ್ಣವು ಸಾಕು. ಸಬ್‌ವೂಫರ್ ಮೂಲೆಯಲ್ಲಿಟ್ಟರೆ ಗುಂಯ್‌ಗುಡುತ್ತದೆ, ಇಂಥ ಕೋಣೆಗೆ ಅದು ಬೇಡವೇ ಬೇಡ. ಮಂಚವನ್ನು ಹಿಂದಿನ ಗೋಡೆಯಿಂದ ಮುಂದಕ್ಕೆ ಎಳೆಯಿರಿ. ನೆಲಕ್ಕೆ ದಪ್ಪ ಜಮಖಾನೆ ಹಾಸಿ, ಗೋಡೆಗಳಿಗೆ ಮೆತ್ತೆ ಹೊದಿಸಿ. ಮೆತ್ತೆ ಎಂದರೆ ಹಳೆಯ ಕಂಬಳಿ ಉಣ್ಣೆಯನ್ನು ಒತ್ತಿ ಮಾಡಿದ ಅಂಗೈ ದಪ್ಪದ ಹಲಗೆ, ಒಂದಕ್ಕೊಂದು ಸಂದಿಲ್ಲದಂತೆ ಕೂರುತ್ತದೆ. ಜಗದೇವಿ ಎಲ್ಲವನ್ನೂ ಮಾಡಿಸಿದಳು. ಕೆಲಸ ಅಚ್ಚುಕಟ್ಟಾಗಿತ್ತು, ಅಡುಗೆಮನೆಯ ಕಡೆಗೂ ದಪ್ಪ ಪರದೆ ಬಂತು.

ಮೊದಲ ದಿನ ಸಿನಿಮಾ ಹಾಕುವ ಮೊದಲೇ ಫಲ ಗೊತ್ತಾಯಿತು. ಜಗದೇವಿ ಅಡುಗೆಮನೆಯಿಂದ ಬರುತ್ತಾ ತನಗೆ ತಾನೇ, ಚಹಾಕ್ಕೆ ಸಕ್ಕರೆ ಹೆಚ್ಚಾಯಿತು ಎಂದುಕೊಂಡಳು. ಮಂಚದ ಮೇಲಿದ್ದ ಸುಗಲಮ್ಮ ತಿರುಗದೆಯೇ, "ಆಗ್ಲಿ ತಾ, ಇವತ್ತೊಂದಿನ ಕುಡೀತೀನಿ" ಎಂದರು. ಜಗದೇವಿ ಲೋಟ ಹಿಡಿದು ಅಲ್ಲೇ ನಿಂತಳಂತೆ.

ಸುದ್ದಿ ಹಬ್ಬಿತು. ಸಾಲಿನವರೆಲ್ಲ ಸಿನಿಮಾ ನೋಡಲು ಎಂಟನೇ ಮನೆಗೆ ಬಂದರು, ನೋಡಿ ಹೋಗಿ ತಮ್ಮ ಮನೆಗೂ ಮೆತ್ತೆ ಹಾಕಿಸಿದರು. ಸಂಕ್ರಾಂತಿಯ ಹೊತ್ತಿಗೆ ಮೂರನೇ ಸಾಲಿನಲ್ಲಿ ಮೆತ್ತೆಯಿಲ್ಲದ ಮನೆಗಳು ಬೆರಳೆಣಿಕೆಯಷ್ಟು ಉಳಿದವು. ಆಲಿಕೆ ಎಂದಿನಂತೆ ನಡೆಯುತ್ತಿತ್ತು. ಎಲ್ಲರೂ ನಿಯಮದಂತೆ ಕೂರುತ್ತಿದ್ದರು, ಏನೂ ಕೇಳಿಸಲಿಲ್ಲವೆಂದು ನಿಜವನ್ನೇ ಹೇಳುತ್ತಿದ್ದರು. ಬಾಗಿಲುಗಾಲ ಇಷ್ಟು ಶಾಂತವಾಗಿ ಶುರುವಾದದ್ದನ್ನು ತಾವು ಕಂಡೇ ಇಲ್ಲ ಎಂದು ಹಿರಿಯರು ಹೇಳಿದ್ದನ್ನು ನಾನು ಪತ್ರಿಕೆಯಲ್ಲಿ ವರದಿ ಮಾಡಿದ್ದೇನೆ.

ಖೈರುನ್ನಿಸಾ ಮೆತ್ತೆ ಹಾಕಿಸಿರಲಿಲ್ಲ. ಆಲಿಕೆದಾರರ ಕೆಲಸ ಸಾಲಿನ ಪೆಟ್ಟುಗಳನ್ನು ಗಮನಿಸುವುದು, ತೆರವಿಗೆ ಹೇಳುವುದು. ಅವಳ ಗೋಡೆಯಲ್ಲಿ ಫೆಬ್ರವರಿ ಮೊದಲಿನಿಂದ ಆಗಾಗ ಟಕ್ಕೆನ್ನುತ್ತಿತ್ತು. ಅವಳು ಎಂಟನೇ ಮನೆಯ ಗೋಡೆಗೆ ಎರಡು ಪೆಟ್ಟು ಕೊಡುತ್ತಿದ್ದಳು. ಮರುಪೆಟ್ಟು ಬರುತ್ತಿರಲಿಲ್ಲ. ನಿಯಮದಂತೆ ಅವಳು ಗಾರೆ ಮೆತ್ತಿಸಿ ಸುಮ್ಮನಾಗುತ್ತಿದ್ದಳು.

ನಿನ್ನೆ ಮಧ್ಯಾಹ್ನ ಅವಳು ಎಂಟನೇ ಮನೆಯಲ್ಲಿ ಸಿನಿಮಾ ನೋಡುತ್ತಿದ್ದಾಗ ಆಲಿಕೆಯ ಗಂಟೆಯಾಯಿತು. ಅಲ್ಲೇ ಕೂತು ಆಲಿಸಿದಳು. ಏನೂ ಕೇಳಿಸಲಿಲ್ಲ. ಮನೆಗೆ ಬಂದರೆ ಗಂಡ ಮೌಲಾಸಾಬ್ ಸೌಟು ಹಿಡಿದುಕೊಂಡೇ ಬಾಗಿಲಲ್ಲಿದ್ದ.

"ಕೈ ನೋಯೋತನ ಬಡಿದೀನಿ. ಯಾಕ ಒಬ್ರೂ ವಾಪಸ್ ಬಡೀಲಿಲ್ಲ?"

"ಎಲ್ಲಿ ಬಡಿದ್ಯೋ? ನಾ ಅದೇ ಗ್ವಾಡಿಗಿ ಆನಿಕೊಂಡು ಕುಂತಿದ್ದೆ."

ಇದನ್ನು ನನಗೆ ತಿಳಿಸಿದವನು ಮೌಲಾಸಾಬ್.

ಇಂದು ಬೆಳಿಗ್ಗೆ ಖೈರುನ್ನಿಸಾ ಎಂಟನೇ ಮನೆಗೆ ಹೋಗಿ ಮೆತ್ತೆ ತೆಗೆಯಲು ಹೇಳಿದಳು. ನಾನೂ ಅಲ್ಲಿದ್ದೆ. ಸುಗಲಮ್ಮ ಒಪ್ಪಲಿಲ್ಲ.

"ಎಷ್ಟು ವರ್ಷದ ಮ್ಯಾಲ ನನ್ ಮಗಳು ಏನಂತಾಳಂತ ತಿಳಿಲತ್ತದ. ಕಲ್ಲಿನ ಮಾತು ನೀವು ಕೇಳ್ಕೋರಿ. ನನಗ ಇಕೀ ಮಾತು ಸಾಕು."

"ಅವ್ವಾ, ಒಂದೇ ಗ್ವಾಡಿ ತೆಗಿತೀನಿ, ಆಮ್ಯಾಲ ಮತ್ತ ಹಚ್ಚತೀನಿ" ಎಂದಳು ಜಗದೇವಿ.

"ನಿಮ್ಮಪ್ಪನೂ ಹಿಂಗ ಅಂತಿದ್ದ. ತೆಗದದ್ದು ಯಾವತ್ತರ ಮತ್ತ ಹಚ್ಚ್ಯಾನೇನು?"

ಖೈರುನ್ನಿಸಾ ನಕ್ಕಳು. ಜಗದೇವಿ ನಗಲಿಲ್ಲ. ತಾಯಿಯ ಮುಖ ನೋಡದೆ ಟಿ.ವಿ.ಯ ಬಲಗಡೆಯ ಗೋಡೆಯ ಹಲಗೆಗಳನ್ನೆಲ್ಲ ಒಂದೊಂದಾಗಿ ಉಳಿ ಹಾಕಿ ಮೀಟಿದಳು. ಹಲಗೆಗಳ ಜೊತೆ ಕಲ್ಲಿನ ಎರಡು ಚಕ್ಕೆಗಳೂ ಬಂದವು. ಹಿಂದೆ, ಮೊದಲು ಹೇಳಿದ ಬಿರುಕು ಇತ್ತು. ಆಲಿಕೆಗೆ ಇನ್ನೂ ಹೊತ್ತಿತ್ತು, ಆದರೂ ಖೈರುನ್ನಿಸಾ ಕೈ ಎತ್ತಿದಳು, ಎಲ್ಲರೂ ಮಾತು ನಿಲ್ಲಿಸಿದೆವು. ಸದ್ದು ಒಂದೊಂದಾಗಿ ಬರುತ್ತಿರಲಿಲ್ಲ. ಒಲೆಯ ಮೇಲೆ ಜೋಳದ ಅರಳು ಹುರಿದಂತೆ, ಬಿಡುವಿಲ್ಲದೆ ಬರುತ್ತಿತ್ತು, ಚಾವಣಿಯ ಉದ್ದಕ್ಕೂ, ಏಳನೇ ಮನೆಯ ಕಡೆಗೆ. ಅಲ್ಲಿಯೂ ಮೆತ್ತೆಯಿದೆ.

ಅಂಥ ಸಣ್ಣ ಸದ್ದು ಕೇಳಿಸದವರು ಕೋಣೆಯಲ್ಲಿ ಒಬ್ಬರೇ.

"ಏನಾತು?" ಎಂದರು ಸುಗಲಮ್ಮ. "ಜಗದೇವಿ, ಯಾಕ ಎಲ್ಲಾರೂ ಸುಮ್ಮನಾದ್ರಿ?"

ಜಗದೇವಿ ಏನೋ ಹೇಳಿದಳು. ಬರಿಗೋಡೆ ಆ ಮಾತನ್ನು ಕಲಸಿಬಿಟ್ಟಿತು. ತಾಯಿ ಮತ್ತೆ ಮಗಳ ಬಾಯಿ ನೋಡತೊಡಗಿದರು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ತುಕಾರಾಮ ಹೇಳಿದ್ದನ್ನು ಪಾಲಿಸಿ, ಅದರಿಂದ ಮಾತು ಸ್ಪಷ್ಟವಾಗುತ್ತದೆ. ಮನೆಯಲ್ಲಿ ಕಿವಿ ಮಂದವಾದವರಿದ್ದರೆ ಖಂಡಿತ ಪಾಲಿಸಿ. ಆದರೆ ಮಾತು ಸ್ವಲ್ಪ ಕಲಸಿದರೂ ಸರಿ, ಒಂದು ಗೋಡೆಯನ್ನು ಬರಿದಾಗಿ ಬಿಡಿ. ನಿಮ್ಮ ಹಾಲ್ ನೆಲದ ಮೇಲಿದೆ, ನಿಮ್ಮ ಗೋಡೆ ಟಕ್ಕೆನ್ನುವುದಿಲ್ಲ, ಗೊತ್ತು. ನಿಮ್ಮ ಕಾಲದ ಮನೆಗಳ ಬಗ್ಗೆ ನಮ್ಮ ಶಾಲೆಯಲ್ಲಿ ಒಂದು ಪಾಠವಿದೆ. ಸಿನಿಮಾ ಚೆನ್ನಾಗಿ ಕೇಳಿಸಲೆಂದು ನೀವು ಮೊದಲು ಕಿಟಕಿಗಳಿಗೆ ಎರಡು ಪದರದ ಗಾಜು ಹಾಕಿದಿರಿ. ಬೀದಿಯ ಸದ್ದು ನಿಂತಿತು. ಆಮೇಲೆ ಅದೇ ಗಾಜು ಬಿಸಿಲಿಗೂ ಒಳ್ಳೆಯದೆಂದು ತೆರೆಯುವುದನ್ನು ಬಿಟ್ಟಿರಿ. ಹೊರಗೆ ಹಕ್ಕಿಗಳ ಕೂಗು ಯಾವ ವರ್ಷ ನಿಂತಿತು ಎಂಬ ಪ್ರಶ್ನೆಗೆ ಆ ಪಾಠದಲ್ಲಿ ಉತ್ತರವಿಲ್ಲ, ಯಾರಿಗೂ ಕೇಳಿಸಿರಲಿಲ್ಲ. ನೀವು ಆರಿಸುವ ಪೆಟ್ಟಿಗೆ ಯಾವುದೇ ಇರಲಿ, ದಿನಕ್ಕೊಮ್ಮೆ ಅದನ್ನು ನಿಲ್ಲಿಸಿ ಕೂತು ನೋಡಿ. ಇಷ್ಟೇ ನನ್ನ ಕೋರಿಕೆ.

ಸಾಲಿನ ಎಲ್ಲ ಮನೆಗಳ ಮೆತ್ತೆಯನ್ನು ಇಂದು ಸಂಜೆಯೊಳಗೆ ತೆಗೆಯಲು ಆದೇಶವಾಗಿದೆ. ಉಳಿದ ಸಾಲುಗಳಲ್ಲಿ ಎಷ್ಟು ಮನೆಗಳಿಗೆ ಮೆತ್ತೆಯಿದೆ ಎಂಬ ಮಾಹಿತಿ ಇನ್ನೂ ಬಂದಿಲ್ಲ. ಬಾಗಿಲುಗಾಲವಾದ್ದರಿಂದ ಮೇಲಕ್ಕೆ ಕಳಿಸುವಂತಿಲ್ಲ. ಮೂರನೇ ಸಾಲಿನವರನ್ನು ಶಾಲೆಯ ದೊಡ್ಡ ಸಭಾಂಗಣದಲ್ಲಿ ಇರಿಸಲಾಗುವುದು. ಅದು ನಾಲ್ಕೂ ಕಡೆ ಬರಿ ಬಂಡೆ. ಅಲ್ಲಿ ಕಿವಿ ಚುರುಕಾದವರಿಗೂ ಮಾತು ತಿಳಿಯುವುದು ಕಷ್ಟ. ತೆರವು ಬಂಡೆ ತಣ್ಣಗಿರುವ ಹೊತ್ತಿನಲ್ಲಿ, ನಾಳೆ, ಮಾರ್ಚ್ 1ರ ಬೆಳಿಗ್ಗೆ ಎಂಟು ಗಂಟೆಗೆ ಎಂಟನೇ ಮನೆಯಿಂದ ಆರಂಭವಾಗುತ್ತದೆ. ಸುಗಲಮ್ಮನವರನ್ನು ಮೊದಲು ಕರೆದೊಯ್ಯಲಾಗುವುದು.