ಹಂಚಬಾರದು ಎಂದರೆ ಯಾವುದನ್ನು?

ಗ್ರಂಥಾಲಯಗಳ ಗಣಕ ವಿಭಾಗದ ಮಾನ್ಯ ಅಧಿಕಾರಿಗಳೇ,

ನಿನ್ನೆ ಕನಸಿನಲ್ಲಿ ತಾವು ಕುದ್ರೋಳಿಯ ನಮ್ಮ ವಾಚನಾಲಯದ ಮಾಡು ಹತ್ತಿ, ‘ಹಂಚಬಾರದು, ಹಂಚಬಾರದು’ ಎನ್ನುತ್ತ ಒಂದೊಂದೇ ಹಂಚು ಕಿತ್ತು ಕೆಳಗಿಳಿಸುತ್ತಿದ್ದಿರಿ. ಎಚ್ಚರವಾದ ಮೇಲೆ ಹೋಗಿ ಮಾಡು ನೋಡಿ ಬಂದೆ. ನಗಬೇಡಿ. ತಮ್ಮ ನೋಟಿಸಿನ ಆ ಒಂದು ಶಬ್ದ ನನ್ನ ನಿದ್ದೆ ಕೆಡಿಸಿದೆ.

ನಮ್ಮ ಕಂಪ್ಯೂಟರುಗಳಿಗೆ ಕನ್ನಡದ ಉಚಿತ ಆಪರೇಟಿಂಗ್ ಸಿಸ್ಟಮ್ ಕೊಟ್ಟವರು ತಾವೇ. ಉಪಕಾರವಾಯಿತು. ಆದರೆ ಒಂದೇ ಇಂಟರ್ನೆಟ್ ಸಂಪರ್ಕವನ್ನು ಎಲ್ಲ ಯಂತ್ರಗಳಿಗೆ ಹಾಯಿಸುವ ಸಾಫ್ಟ್‌ವೇರ್ ಅದರಲ್ಲಿರಲಿಲ್ಲ. ಅದು ಖಾಸಗಿ ಕಂಪನಿಯದ್ದು. ಯಾರು ಬೇಕಾದರೂ ಬಳಸಬಹುದು, ಪ್ರತಿ ಮಾಡಿ ಇನ್ನೊಬ್ಬರಿಗೆ ಕೊಡುವಂತಿಲ್ಲ. ನಮ್ಮ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಜಮಾಲುದ್ದೀನ್ ಅದನ್ನು ಕೂರಿಸಲು ಒಂದು ಪ್ಯಾಕೇಜ್ ಕಟ್ಟಿದರು. ವಾಚನಾಲಯ ನೋಡಿಕೊಳ್ಳುವ ನಾನು ಏಳನೆಯಲ್ಲಿ ಶಾಲೆ ಬಿಟ್ಟವಳು, ಅವರು ಹೇಳಿ ಹೇಳಿ ತಲೆಗೆ ಹೋದಷ್ಟು ಬರೆಯುತ್ತೇನೆ: ಪ್ಯಾಕೇಜಿನೊಳಗೆ ಕಂಪನಿಯ ಸಾಫ್ಟ್‌ವೇರೇ ಇಲ್ಲ. ಎಲ್ಲಿಂದ ತರಬೇಕು, ಎಲ್ಲಿ ಕೂರಿಸಬೇಕು ಎಂಬ ಸೂಚನೆ ಮಾತ್ರ. ಯಂತ್ರವೇ ಕಂಪನಿಯ ಬಾಗಿಲಿಗೆ ಹೋಗಿ ತರುತ್ತದೆ. ಖಾಲಿ ಚೀಲ ಕೊಟ್ಟು ಅಂಗಡಿಯ ದಾರಿ ತೋರಿಸಿದವರ ಮೇಲೆ ಅಕ್ಕಿ ಕಳವಿನ ಆರೋಪವೇ?

ತಮ್ಮ ನೋಟಿಸು ಹೇಳುತ್ತದೆ: ‘ಪರವಾನಗಿಯಂತೆ ಹಂಚಬಾರದು. ಪ್ಯಾಕೇಜ್ ಕಟ್ಟಿದ ಜಮಾಲುದ್ದೀನ್ ಎಂಬವರ ಮೇಲೆ ಕ್ರಮ ಜರುಗಿಸಲಾಗುವುದು. ಒಂದು ಯಂತ್ರ ಬಿಟ್ಟು ಉಳಿದವುಗಳ ಸಂಪರ್ಕ ಕಡಿಯತಕ್ಕದ್ದು.’ ಪ್ರತಿ ಕೊಡಬಾರದು ಎಂದಿದ್ದರೆ ಸಂಪರ್ಕ ಯಾಕೆ ಕಡಿಯಬೇಕು? ಹಂಚಬಾರದ್ದು ಸಾಫ್ಟ್‌ವೇರನ್ನೋ, ಇಂಟರ್ನೆಟ್ಟನ್ನೋ? ಇಂಗ್ಲಿಷ್ ಪರವಾನಗಿಯನ್ನು ಕನ್ನಡಕ್ಕೆ ತಂದ ಪಂಡಿತರು ಯಾರು? ನೋಟಿಸು ಬಂದ ವಾರವೇ, ಯಂತ್ರಕ್ಕೊಂದು ಸಂಪರ್ಕ ಮಾರುವವರು ನಮ್ಮ ಬಾಗಿಲು ತಟ್ಟಿದ್ದು ಹೇಗೆ? ನನ್ನದು ಸಂಶಯದ ಸ್ವಭಾವ, ಒಪ್ಪಿದೆ. ಸಂಶಯ ಪಡುವವರಿಗೆ ಉತ್ತರ ಕೊಡಬಾರದೆಂಬ ನಿಯಮ ಇದೆಯೇ?

ಕೊಟ್ಟಾರದ ತಮ್ಮ ಕಚೇರಿಗೂ ಬಂದಿದ್ದೆ. ಗುಮಾಸ್ತರು ತಲೆ ಎತ್ತದೆ ಕೇಳಿದರು: ‘ಎಂತಮ್ಮ, ಹಂಚಬಾರದು ಅಂತ ಕನ್ನಡದಲ್ಲೇ ಉಂಟಲ್ಲ. ಓದ್ಲಿಕ್ಕೆ ಬರುದಿಲ್ವಾ?’

‘ಬರ್ತದೆ ಮಾರಾಯ್ರೆ. ಯಾವುದನ್ನು ಅಂತ ಇಲ್ವಲ್ಲ?’

‘ಯಾವುದನ್ನೂ!’

ಒಂದು ದೀರ್ಘದಲ್ಲಿ ತೀರ್ಪೇ ಆಗಿಹೋಯಿತು. ಇತ್ತ ಜಮಾಲುದ್ದೀನ್ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು ಕೂತಿದ್ದಾರೆ. ‘ನಳಿನಕ್ಕ, ಕಳ್ಳ ಅಂತ ಹೆಸ್ರು ಬಂದ್ರೆ ನನ್ನ ಕೈಗೆ ಯಾರು ಕಂಪ್ಯೂಟರ್ ಕೊಡ್ತಾರೆ?’ ಎಂದು ಕೇಳಿದರು. ಆ ಪ್ರಶ್ನೆಯನ್ನೇ ತಮ್ಮ ಮುಂದಿಡುತ್ತಿದ್ದೇನೆ. ತಮ್ಮಲ್ಲಿ ಉತ್ತರ ಇದೆಯೇ?

ಆ ನೋಟಿಸಿನಿಂದ ಅವರ ಹೆಸರು ತೆಗೆಯಿರಿ. ತೆಗೆಯಲು ಮನಸ್ಸಿಲ್ಲದಿದ್ದರೆ, ಕಡೇಪಕ್ಷ ಇಂಗ್ಲಿಷ್ ಪರವಾನಗಿಯ ಆ ಸಾಲನ್ನು ಇನ್ನೊಮ್ಮೆ ಓದಿ ನೋಡಿ: ಕನ್ನಡದಲ್ಲಿ ‘ಹಂಚಬಾರದು’ ಎಂಬುದಕ್ಕೆ ಮುಂಚೆ ‘ಪ್ರತಿಯನ್ನು’ ಎಂಬ ಶಬ್ದವೊಂದು ಬರಬೇಕಿತ್ತಲ್ಲವೇ?

ಇಂತಿ,
ಹಂಚಿನ ಮಾಡಿನ ಕೆಳಗೆ ಕೂತು, ಈ ಪತ್ರವನ್ನಾದರೂ ಹಂಚಬಹುದೋ ಇಲ್ಲವೋ ಎಂದು ಹೆದರುತ್ತಿರುವ
ನಳಿನಾಕ್ಷಿ