ಆರತಿ ತಟ್ಟೆಯ ಕೆಂಪು

ಶನಿವಾರ, ನವೆಂಬರ್ ೧೫

ನನ್ನ ಪಾಠ ಇವತ್ತು ನನಗೇ ಸಾಲಲಿಲ್ಲ.

ಬೆಳಿಗ್ಗೆ ಸರಸ್ವತಿಪುರಂ ಟ್ಯುಟೋರಿಯಲ್‌ನಲ್ಲಿ ಪಿಯುಸಿ ಮಕ್ಕಳಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ತೋರಿಸಿದೆ. ಕ್ಷಾರ ಸೇರಿದರೆ ಕೆಂಪಾಗುತ್ತದೆ, ಯಾರು ಬೆರೆಸಿದರೂ ಅಷ್ಟೇ ಎಂದೆ.

ಸಂಜೆ ಮೈತ್ರೇಯಿ ತವರಿನಿಂದ ನಮ್ಮ ಮಗುವನ್ನು ಎತ್ತಿಕೊಂಡು ಬಂದಳು. ಆರತಿಗೆ ಅದೇ ಕೆಂಪು ನೀರು ಬೇಕು. ಅಪ್ಪ ಹೋದಮೇಲೆ ಅಮ್ಮ ಆರತಿ ತಟ್ಟೆ ಮುಟ್ಟಿಲ್ಲ.

"ನನ್ನ ಕೈ ಬೇಡ ಕಣೋ. ಪಕ್ಕದ ಮನೆ ಕುಸುಮನ್ನ ಕರಿ."

ಬೆಳಗಿನ ಪಾಠವನ್ನೇ ಒಪ್ಪಿಸಿದೆ. ಅಮ್ಮ ಜಗ್ಗಲಿಲ್ಲ.

ಹೊಸ್ತಿಲಾಚೆಯಿಂದ ಮೈತ್ರೇಯಿ, "ಅತ್ತೆ, ನೀವು ಆರತಿ ಎತ್ತೋವರೆಗೂ ನಾವಿಬ್ರೂ ಒಳಗೆ ಬರಲ್ಲ" ಎಂದಳು.

ಅಮ್ಮ ಸುಣ್ಣ ಹಾಕಿ ಬೆರಳಾಡಿಸಿದಳು. ನೀರು ಕೆಂಪಾಗುವವರೆಗೆ ಉಸಿರು ಬಿಡಲಿಲ್ಲ.

ಇಷ್ಟು ವರ್ಷ ಕೆಮಿಸ್ಟ್ರಿ ಹೇಳಿಕೊಟ್ಟ ನಾನೂ ಬಿಡಲಿಲ್ಲ.